ಪಂಪ್‌ಹೌಸಿಗೆ ನಾನು ಆರಿಸಿದ ಚಾಕು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಯಬಾಗ ತಾಲೂಕಿನ ಕೃಷ್ಣಾ ದಂಡೆಯ ಒಂದು ನೀರಾವರಿ ಸಂಘದಲ್ಲಿ ಹೆಡ್ ಫಿಟ್ಟರ್ ಆಗಿದ್ದೆ. ರೈತರೇ ಕೂಡಿ ಕಟ್ಟಿಕೊಂಡ ಸಂಘ. ಮೂರು ದೊಡ್ಡ ಮೋಟರುಗಳು ಹೊಳೆಯ ನೀರನ್ನು ಎತ್ತಿ ನಾಲ್ಕು ಮೈಲಿ ಪೈಪಿನಲ್ಲಿ ಕಬ್ಬಿನ ಹೊಲಗಳಿಗೂ ದ್ರಾಕ್ಷಿ ತೋಟಗಳಿಗೂ ಕೊಡುತ್ತಿದ್ದವು. ಕೆಲಸಕ್ಕೆ ನಾವು ಒಂಬತ್ತು ಜನ ಇದ್ದೆವು.

ಪೈಪಿನ ಗುಂಟ ನಡೆಯುವ ನಮ್ಮವನಿಗೆ ಎಲ್ಲೋ ಒಂದು ಜೋಡಣೆ ಸೋರುವುದು ಕಾಣುತ್ತಿತ್ತು. ರಬ್ಬರ್ ಕತ್ತರಿಸಿ ಬಿಗಿದರೆ ನಿಲ್ಲುವ ಸೋರಿಕೆ. ಆದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅವನು ಪಂಪ್‌ಹೌಸಿಗೆ ವಾಪಸ್ಸು ನಡೆದು ಬಂದು ಸಾಮಾನು ಒಯ್ಯುವಷ್ಟರಲ್ಲಿ ಯಾರದೋ ನೀರಿನ ಪಾಳಿ ಮುಗಿದು ಹೋಗುತ್ತಿತ್ತು. ಒಮ್ಮೆ ಪಾಳಿ ತಪ್ಪಿದ ರೈತನೊಬ್ಬ ನಮ್ಮ ವಾಲ್ವ್‌ಮನ್ನನ್ನು ಕೆಸರಿನ ಕಾಲುವೆಗೆ ನೂಕಿಬಿಟ್ಟ. ಮರುದಿನ ಚೇರಮನ್ನರು ನನ್ನನ್ನು ಕರೆದರು.

"ಮಿಸ್ತ್ರಿ, ಒಬ್ಬೊಬ್ಬರ ಕಿಸೇದಾಗ ಒಂದೊಂದು ಚಾಕು ಇರಬೇಕು. ಬರೇ ಚಾಕು ಅಲ್ಲ, ಎಲ್ಲಾ ಹತ್ಯಾರ ಒಂದರಾಗ ಇರೂವಂಥಾದ್ದು. ನೀವ ಆರಿಸ್ರಿ. ದಸರಾಕ್ಕ ಎಲ್ಲಾರಿಗೂ ಕೊಡೂಣು."

ಇನ್ನು ನಮ್ಮ ಎರಡನೇ ಫಿಟ್ಟರನ ವಿಷಯ ಹೇಳಬೇಕು. ನನಗಿಂತ ಎಂಟು ವರ್ಷ ಚಿಕ್ಕವನು. ಎಡಗೈಯವನು, ನಮ್ಮ ಕಡೆ ರೊಡ್ಡ ಅನ್ನುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿ, ಇದು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದ. ಹೇಳಿದಷ್ಟೇ ದಿನ ಬಾಳುತ್ತಿತ್ತು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದೇ ವರ್ಷ ಮೇಲಿನ ಎರೆಭೂಮಿಯಲ್ಲಿ ಎರಡನೇ ಪಂಪ್‌ಹೌಸ್ ಎದ್ದು ನಿಲ್ಲುತ್ತಿತ್ತು. ಅದರ ಉಸ್ತುವಾರಿ ಯಾರಿಗೆ ಎಂದು ದೀಪಾವಳಿಯ ನಂತರ ಗೊತ್ತಾಗಬೇಕಿತ್ತು. ನನಗೆ ಅದು ಬೇಕಾಗಿತ್ತು. ಅವನಿಗೆ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ನಾನು ಅವನನ್ನು ದ್ವೇಷಿಸುತ್ತಿದ್ದೆ. ಈ ವಯಸ್ಸಿನಲ್ಲಿ ಇದಕ್ಕೆ ಬೇರೆ ಹಗುರವಾದ ಶಬ್ದ ಹುಡುಕಲಾರೆ. ಅವನು ಎಡಗೈಯಲ್ಲಿ ಪಾನಾ ಹಿಡಿದು ನಟ್ ಬಿಗಿಯುವುದನ್ನು ನೋಡಿದರೆ ಸಾಕು, "ಲೇ ರೊಡ್ಡ, ಹೊಳಿ ತಾಯಿ ಮುಂದ ರೊಡ್ಡಗೈ ಚಾಚಬ್ಯಾಡ, ನೀರ ಹಿಂದ ಸರೀತಾವ" ಎಂದು ಎಲ್ಲರ ಎದುರಿಗೆ ಅನ್ನುತ್ತಿದ್ದೆ. ಉಳಿದವರು ನಗುತ್ತಿದ್ದರು. ಅವನು ಒಂದೇ ಸಲ ತಿರುಗಿ ಉತ್ತರ ಕೊಟ್ಟಿದ್ದ: "ನಿಮ್ಮ ಬಲಗೈ ಹಾಕಿದ ಬೇರಿಂಗ್ ಮೂರು ತಿಂಗಳಾಗ ಸುಟ್ಟಿತ್ತಲ್ರಿ, ಹೊಳಿ ಎಷ್ಟು ಹಿಂದ ಸರದಿತ್ತು?" ಆ ಸಲ ಅವರು ಇನ್ನೂ ಜೋರಾಗಿ ನಕ್ಕರು.

ಚಾಕು ಹುಡುಕಲು ನಾನು ಬಸ್ಸಿನಲ್ಲಿ ಚಿಕ್ಕೋಡಿಗೆ, ಅಲ್ಲಿಂದ ನಿಪ್ಪಾಣಿಗೆ ಹೋದೆ. ಹೆದ್ದಾರಿಯ ಲಾರಿ ಚಾಲಕರಿಗೆಂದೇ ಟಾರ್ಚು, ಹಗ್ಗ, ಬೀಗ, ಚಾಕು ಮಾರುವ ಅಂಗಡಿಗಳು ಅಲ್ಲಿದ್ದವು. ಅಂಗಡಿಯವನು ಅರ್ಧ ಮರಾಠಿ ಅರ್ಧ ಕನ್ನಡದವನು. "ಘ್ಯಾ, ತಗೋರಿ ಮಿಸ್ತ್ರಿ, ಇದರಾಗ ಹನ್ನೊಂದು ಹತ್ಯಾರ ಐತಿ. ಹೆಂಡ್ತಿ ಒಬ್ಬಾಕಿನ್ನ ಬಿಟ್ಟು ಎಲ್ಲಾ ಐತಿ" ಎಂದ. ಮೂರು ಥರದವನ್ನು ಪಸಂತಿಯ ಮೇಲೆ ತಂದೆ. ಒಂದನ್ನು ಇಟ್ಟುಕೊಳ್ಳುವುದು, ಎರಡನ್ನು ತಿರುಗಿ ಕೊಡುವುದು ಎಂಬ ಕರಾರು.

ಮೊದಲನೆಯದು ಕೆಂಪು ಹಿಡಿಕೆಯ ಪರದೇಶದ ಚಾಕು. ಚಿಕ್ಕದು, ಅಂಗೈಯಲ್ಲಿ ಮುಚ್ಚಿ ಹೋಗುವಂಥದ್ದು. ಎರಡು ಅಲಗು, ಕತ್ತರಿ, ಸ್ಕ್ರೂಡ್ರೈವರ್, ಚಿಮಟ, ಮತ್ತೆ ಒಂದು ಸುರುಳಿ ಸುತ್ತಿದ ಮೊಳೆ. ವಾಲ್ವ್‌ಮನ್ ಅದನ್ನು ನೋಡಿ "ಇದೇನ್ರಿ, ಹಂದಿ ಬಾಲಾ?" ಎಂದು ಕೇಳಿದ. ಎರಡನೆಯದರಲ್ಲಿ ಚಮಚವೂ ಮುಳ್ಳಿನ ಚಮಚವೂ ಇದ್ದವು. "ಮೋಟರಿಗೆ ಜ್ವರಾ ಬಂದ್ರ ಔಷಧ ಹಾಕಾಕ ಇರಬೇಕು" ಎಂದ ಅವನೇ. ಮೂರನೆಯದು ನಮ್ಮ ದೇಶದ್ದೇ, ಭಾರ, ಹಿತ್ತಾಳೆಯ ಕಟ್ಟು, ಮರದ ಹಿಡಿಕೆ. ಉದ್ದ ಅಲಗು, ಅಗಲ ಸ್ಕ್ರೂಡ್ರೈವರ್, ಒಂದು ಗಿಡ್ಡ ದಬ್ಬಣ, ವೈರಿನ ಸಿಪ್ಪೆ ತೆಗೆಯುವ ಕಚ್ಚು. ಅಲಗಿಗೆ ಲಾಕ್ ಇತ್ತು. ಅಲಗು ಪೂರ್ತಿ ತೆರೆದಾಗ ಹಿಡಿಕೆಯ ಬೆನ್ನಿನ ಪಟ್ಟಿಯ ತುದಿ ಅಲಗಿನ ಬುಡದ ಒಂದು ಕಚ್ಚಿನಲ್ಲಿ ಟಕ್ ಎಂದು ಬೀಳುತ್ತಿತ್ತು. ಪಟ್ಟಿಯನ್ನು ಒತ್ತುವವರೆಗೆ ಅಲಗು ಮಡಚುತ್ತಿರಲಿಲ್ಲ.

ಮೂರು ದಿನ ಪರೀಕ್ಷೆ ಮಾಡಿದೆ. ಅಷ್ಟನ್ನು ಪ್ರಾಮಾಣಿಕವಾಗಿಯೇ ಮಾಡಿದೆ. ಕೈಗೆ ಗ್ರೀಸ್ ಬಳಿದುಕೊಂಡು ಅಲಗು ತೆರೆದು ನೋಡಿದೆ. ಕೆಂಪು ಚಾಕುವಿನ ಉಗುರುಗಚ್ಚಿನಲ್ಲಿ ಬೆರಳು ಜಾರುತ್ತಿತ್ತು, ಭಾರದ್ದು ಸಲೀಸಾಗಿ ತೆರೆಯಿತು. ತುಕ್ಕು ಹಿಡಿದ ಸ್ಟಾರ್ಟರಿನ ಸ್ಕ್ರೂ ತಿರುಗಿಸಿದೆ. ಚಮಚದ ಚಾಕು ತಾನೇ ತಿರುಚಿಕೊಂಡಿತು, ಅದನ್ನು ಅಲ್ಲಿಗೇ ಬದಿಗಿಟ್ಟೆ. ಆಮೇಲೆ ಗ್ಲ್ಯಾಂಡ್ ದೋರಿ ಕತ್ತರಿಸಿದೆ. ಪಂಪಿನ ಶಾಫ್ಟು ಹೊರಗೆ ಬರುವಲ್ಲಿ ನೀರು ಚಿಮ್ಮದಂತೆ ಗ್ರೀಸಿನ ಹಗ್ಗದ ಬಳೆಗಳನ್ನು ತುರುಕಿರುತ್ತಾರೆ, ಅದೇ ಗ್ಲ್ಯಾಂಡ್ ದೋರಿ. ಅದನ್ನು ಓರೆಯಾಗಿ ಒಂದೇ ಏಟಿಗೆ ಕತ್ತರಿಸಬೇಕು, ನಾರು ಬಿಟ್ಟರೆ ಸೋರುತ್ತದೆ. ಭಾರದ ಚಾಕು ಬೆಣ್ಣೆಯಂತೆ ಕತ್ತರಿಸಿತು. ಹಳೆಯ ದೋರಿಯನ್ನು ಎಳೆದು ತೆಗೆಯುವ ಪರೀಕ್ಷೆಯನ್ನು ಮಾತ್ರ ನಾನು ಪಂಪ್‌ಹೌಸಿನ ಮೂಲೆಯಲ್ಲಿದ್ದ ಒಂದು ಹೊಸ ಚಿಕ್ಕ ಪಂಪಿನ ಮೇಲೆ ಮಾಡಿದೆ. ಅದರ ಗ್ಲ್ಯಾಂಡಿನ ತೂತು ಆಳವಿರಲಿಲ್ಲ, ಗಿಡ್ಡ ದಬ್ಬಣ ಸಾಕಾಯಿತು. ದೊಡ್ಡ ಪಂಪಿಗೆ ಸಾಕಾಗುತ್ತದೋ ಇಲ್ಲವೋ ನೋಡಲಿಲ್ಲ.

ಕಮಿಟಿಯ ಮುಂದೆ ಎರಡು ಚಾಕು ಇಟ್ಟೆ. ಚೇರಮನ್ನರು ಎರಡನೇ ಫಿಟ್ಟರನನ್ನೂ ಕರೆಸಿದ್ದರು. ಅದೇ ನನಗೆ ಸಿಟ್ಟು. ಅವನು ಭಾರದ ಚಾಕುವನ್ನು ನಾಲ್ಕು ಸಲ ತೆರೆದು ಮುಚ್ಚಿದ.

"ಅಲಗ ಛಲೋ ಐತ್ರಿ. ಆದರ ಈ ಲಾಕ್ ಬ್ಯಾಡ. ಈ ಕಚ್ಚಿನಾಗ ಒಂದು ಕಾಳು ಉಸುಕು ಕುಂತ್ರೂ ಪಟ್ಟಿ ಪೂರಾ ಬೀಳೂದಿಲ್ಲ. ನಮ್ಮ ಕೆಲಸ ಕೆಸರಿಂದು, ಗ್ರೀಸಿಂದು. ಕೆಂಪು ಚಾಕೂಕ ಲಾಕ್ ಇಲ್ಲ, ಮಡಚತೈತಿ ಅಂತ ಎಲ್ಲಾರಿಗೂ ಗೊತ್ತ ಇರತೈತಿ, ಹುಷಾರಿಲೆ ಹಿಡೀತಾರ. ಲಾಕ್ ಇದ್ದದ್ದನ್ನ ನಂಬತಾರ. ನಂಬಿದವನ ಕೈಬಟ್ಟು ಹೋಗತಾವ."

ನಾನು ಹೇಳಿದೆ: "ರೊಡ್ಡನ ಕೈಗೆ ಯಾವ ಚಾಕೂನೂ ಸರಿ ಬರೂದಿಲ್ರಿ. ಅಂವಗ ಬ್ಯಾಡಾದ್ರ ಉಳದ ಎಂಟು ಮಂದಿಗೂ ಬ್ಯಾಡೇನ್ರಿ?"

ಕಮಿಟಿಯವರು ನಕ್ಕರು. ಕೆಂಪು ಚಾಕು ತೀರಾ ತುಟ್ಟಿಯೂ ಆಗಿತ್ತು. ಭಾರದ್ದೇ ನಿಶ್ಚಯವಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಇನ್ನೊಂದು ನಿಯಮ ಬರೆಸಿದೆ: ಕೆಲಸದ ಮೇಲೆ ಸಂಘದ ಚಾಕುವನ್ನೇ ಬಳಸಬೇಕು, ತಮ್ಮ ಸ್ವಂತದ್ದನ್ನು ಆಫೀಸಿನಲ್ಲಿ ಜಮಾ ಮಾಡಬೇಕು. ಎರಡನೇ ಫಿಟ್ಟರನ ಹತ್ತಿರ ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕಂಬಾರನ ಕಡೆ ಮಾಡಿಸಿಕೊಂಡ ಒಂದು ಉದ್ದ ಚಾಕು ಇತ್ತು. ಅದರ ಒಂದು ತುದಿ ಕೊಕ್ಕೆಯಂತೆ ಬಾಗಿತ್ತು, ಎಂಥ ಆಳದಿಂದಲೂ ದೋರಿಯನ್ನು ಎಳೆದು ತೆಗೆಯುತ್ತಿತ್ತು. ಆ ನಿಯಮ ಬರೆಸುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅದೊಂದೇ. ಅವನು ತಂದು ನನ್ನ ಮೇಜಿನ ಮೇಲಿಟ್ಟ. ನಾನು ಅದನ್ನು ಕಪಾಟಿಗೆ ಹಾಕಿ ಕೀಲಿ ಹಾಕಿದೆ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಒಂಬತ್ತೂ ಹೊಸ ಚಾಕುಗಳನ್ನು ಪೂಜೆಗೆ ಇಟ್ಟೆವು. ನಮ್ಮಲ್ಲಿ ಹತ್ಯಾರಗಳನ್ನು ಮುಚ್ಚಿ ಪೂಜಿಸುವುದಿಲ್ಲ, ಬಾಯಿ ತೆರೆದೇ ಇಡಬೇಕು. ಅದಕ್ಕೆ ಎಲ್ಲವನ್ನೂ ಅರ್ಧರ್ಧ ತೆರೆದು, ದೊಡ್ಡ ಮೋಟರಿನ ಮುಂದೆ ಬಾಳೆ ಎಲೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಹಸಿ ಕುಂಕುಮ, ಅರಿಷಿಣ ನಾನೇ ಹಚ್ಚಿದೆ. ಕಾಯಿ ಒಡೆದಾಗ ನೀರು ಎಲ್ಲದರ ಮೇಲೂ ಸಿಡಿಯಿತು. ಮೇಲೆ ಸಕ್ಕರೆ ಏರಿಸಿದೆವು. ಪೂಜೆಗೆ ಕುಳಿತ ಹತ್ಯಾರವನ್ನು ಮರುದಿನದವರೆಗೆ ಎತ್ತುವಂತಿಲ್ಲ, ಹಚ್ಚಿದ ಕುಂಕುಮವನ್ನು ಕೂಡಲೇ ತೊಳೆಯುವಂತೆಯೂ ಇಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಚಾಕು ಎತ್ತಿ ಕಣ್ಣಿಗೊತ್ತಿಕೊಂಡು, ಮೇಲಷ್ಟೇ ಒರೆಸಿ ಕಿಸೆಗೆ ಹಾಕಿಕೊಂಡರು. ನಾನು ಕಬ್ಬಿನ ಗಣಿಕೆ ಕತ್ತರಿಸಲು ನನ್ನದನ್ನು ತೆರೆದೆ. ಟಕ್ ಅನ್ನಲಿಲ್ಲ. ಅಲಗು ನೆಟ್ಟಗೆ ನಿಂತಿತ್ತು, ನೋಡಿದವರಿಗೆ ಲಾಕ್ ಬಿದ್ದಿದೆ ಎಂದೇ ಕಾಣುತ್ತಿತ್ತು. ಅಲಗಿನ ಬೆನ್ನನ್ನು ಸ್ವಲ್ಪ ಒತ್ತಿದರೆ ಮಡಚಿಕೊಂಡಿತು. ಪಂಪ್‌ಹೌಸಿನ ಹಿಂದೆ ಹೋಗಿ ಬಿಸಿಲಿಗೆ ಹಿಡಿದು ನೋಡಿದೆ. ಪಟ್ಟಿ ಬೀಳುವ ಕಚ್ಚಿನಲ್ಲಿ ಕುಂಕುಮ, ಅರಿಷಿಣ, ಸಕ್ಕರೆ ಕಾಯಿನೀರಿನಲ್ಲಿ ಕಲೆತು ಒಣಗಿ ಇಟ್ಟಂಗಿಯಂತೆ ಗಟ್ಟಿಯಾಗಿದ್ದವು. ಸೀಮೆಎಣ್ಣೆ ಹಾಕಿ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಕೆದರಿ ತೆಗೆದೆ. ಐದು ನಿಮಿಷದ ಕೆಲಸ. ಮತ್ತೆ ತೆರೆದೆ, ಟಕ್ ಎಂದಿತು.

ಎಲ್ಲರಿಗೂ ಹೇಳಬೇಕು ಎಂದುಕೊಂಡೇ ಮುಂದೆ ಬಂದೆ. ಅಷ್ಟರಲ್ಲಿ ಎರಡನೇ ಫಿಟ್ಟರ್ ಬನ್ನಿ ಎಲೆ ಹಿಡಿದು ಎದುರಿಗೆ ಬಂದ. ಅವತ್ತು ಎಂಥ ವೈರಿಗಳೂ ಬನ್ನಿ ಕೊಟ್ಟುಕೊಳ್ಳುತ್ತಾರೆ. ಅವನು ಬಲಗೈಯಲ್ಲಿಯೇ ಕೊಟ್ಟು ನನ್ನ ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಿಸ್ತ್ರಿ. ಹಿಂದಿಂದು ಬಿಟ್ಟುಬಿಡೂಣ್ರಿ" ಎಂದ.

ಆಗ ನಾನು ಲಾಕಿನ ವಿಷಯ ಹೇಳಿದ್ದರೆ, ಕಮಿಟಿಯ ಮುಂದೆ ಅವನು ಆಡಿದ ಮಾತು ಚಾಕು ಕೈಗೆ ಬಂದು ಒಂದು ದಿನವೂ ಕಳೆಯುವ ಮೊದಲೇ ನಿಜವಾಗುತ್ತಿತ್ತು. ಆ ಮಾತು ಚೇರಮನ್ನರಿಗೆ ಮುಟ್ಟುತ್ತಿತ್ತು. ಎರಡನೇ ಪಂಪ್‌ಹೌಸ್ ಅಲ್ಲಿಗೇ ತೀರ್ಮಾನವಾಗುತ್ತಿತ್ತು. ನಾನು ಬನ್ನಿ ತೆಗೆದುಕೊಂಡೆ. "ಹೂಂ, ಬಂಗಾರದಂಗ ಇರು" ಎಂದೆ. ಚಾಕುವಿನ ವಿಷಯ ಹೇಳಲಿಲ್ಲ. ಇದೇ ನಾನು ಮಾಡಿದ್ದು. ಕೈ ಮಾಡಲಿಲ್ಲ, ಬೈಯಲಿಲ್ಲ, ಬನ್ನಿ ಹಿಡಿದುಕೊಂಡು ಸುಮ್ಮನೆ ನಿಂತೆ.

ಆರನೆಯ ದಿನ ಮಧ್ಯಾಹ್ನ ದೊಡ್ಡ ಪಂಪಿನ ಗ್ಲ್ಯಾಂಡಿನಿಂದ ನೀರು ಧಾರೆಯಾಗಿ ಬರತೊಡಗಿತು. ಹೊರಗೆ ಪಾಳಿಯ ರೈತರು ನಿಂತು ಕೂಗಾಡುತ್ತಿದ್ದರು. ನಟ್ ಬಿಗಿದರೂ ನಿಲ್ಲಲಿಲ್ಲ. ಮೋಟರ್ ಬಂದ್ ಮಾಡಿ, ಹಳೆಯ ದೋರಿ ತೆಗೆದು ಹೊಸದು ಹಾಕಲು ಎರಡನೇ ಫಿಟ್ಟರ್ ಕುಕ್ಕರಗಾಲಲ್ಲಿ ಕುಳಿತ. ಮೊದಲ ಎರಡು ಬಳೆ ದಬ್ಬಣಕ್ಕೆ ಸಿಕ್ಕು ಬಂದವು. ಒಳಗಿನ ಬಳೆಗಳಿಗೆ ದಬ್ಬಣ ಮುಟ್ಟಲಿಲ್ಲ.

"ಮಿಸ್ತ್ರಿ, ನನ್ನ ಕೊಕ್ಕಿ ಚಾಕು ಕೊಡ್ರಿ. ಎರಡ ನಿಮಿಷದ ಕೆಲಸ" ಎಂದು ಕೂಗಿದ.

ಕಪಾಟಿನ ಕೀಲಿ ನನ್ನ ಕಿಸೆಯಲ್ಲಿತ್ತು. "ರೂಲ್ ಅಂದ್ರ ರೂಲು. ಇದ್ದದ್ದರಾಗ ತಗಿ" ಎಂದೆ.

ಅವನು ಉದ್ದ ಅಲಗು ತೆರೆದು ತುದಿಯನ್ನು ಒಳಗೆ ತುರುಕಿ, ದೋರಿಗೆ ಚುಚ್ಚಿ ಮೇಲಕ್ಕೆ ಮೀಟಿದ. ಅಲಗು ಮಡಚಿತು. ಅವನು ಎಡಗೈಯನ್ನು ಬಲಗೈಯಲ್ಲಿ ಹಿಡಿದು ಎದ್ದು ನಿಂತ. ನಡುಬೆರಳು, ಉಂಗುರ ಬೆರಳು ಎರಡೂ ಎಲುಬಿನವರೆಗೆ ಸೀಳಿದ್ದವು. ಜೀಪಿನಲ್ಲಿ ಮೀರಜಿನ ಆಸ್ಪತ್ರೆಗೆ ಒಯ್ದರು. ಬೆರಳು ಉಳಿದವು, ಒಳಗಿನ ನರ ಉಳಿಯಲಿಲ್ಲ. ಎರಡೂ ಮತ್ತೆಂದೂ ಮಡಚಲಿಲ್ಲ.

ಜೀಪು ಹೋದ ಮೇಲೆ ನಾನು ಮಾಡಿದ ಕೆಲಸಗಳನ್ನು ಒಂದೊಂದಾಗಿ ಬರೆಯುತ್ತೇನೆ. ನೆಲದ ಮೇಲೆ ಬಿದ್ದಿದ್ದ ಅವನ ಚಾಕುವನ್ನು ಎತ್ತಿಕೊಂಡೆ. ಹಿಂದೆ ಹೋಗಿ ಸೀಮೆಎಣ್ಣೆಯಲ್ಲಿ ತೊಳೆದೆ. ಲಾಕಿನ ಕಚ್ಚನ್ನು ಕೆದರಿ ಸ್ವಚ್ಛ ಮಾಡಿದೆ. ಆಮೇಲೆ ಉಳಿದ ಏಳು ಜನರ ಚಾಕುಗಳನ್ನೂ "ಎಣ್ಣಿ ಬಿಡಬೇಕು" ಎಂದು ಹೇಳಿ ಇಸಿದುಕೊಂಡು ಹಾಗೆಯೇ ಮಾಡಿದೆ. ಅನಂತರ ಕೈ ತೊಳೆದುಕೊಂಡು ರಿಪೋರ್ಟು ಬರೆಯಲು ಕುಳಿತೆ. "ಸದರಿ ನೌಕರನು ಚಾಕುವನ್ನು ಎಡಗೈಯಲ್ಲಿ ಹಿಡಿದದ್ದರಿಂದಲೂ ಲಾಕನ್ನು ಸರಿಯಾಗಿ ಕೂರಿಸದೆ ಇದ್ದುದರಿಂದಲೂ ಅಪಘಾತವಾಗಿದೆ" ಎಂದು ಬರೆದೆ. ನನ್ನ ಅಕ್ಷರ ಚೆನ್ನಾಗಿತ್ತು. ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು.

ತಿಂಗಳ ನಂತರ ಕಮಿಟಿ ಕೂಡಿತು. ಕೈಗೆ ಪಟ್ಟಿ ಕಟ್ಟಿಕೊಂಡು ಅವನು ನಿಂತಿದ್ದ. ಚೇರಮನ್ನರು ಅವನ ಚಾಕುವನ್ನು ತೆರೆದರು. ಟಕ್ ಎಂಬ ಸಪ್ಪಳ ಎಲ್ಲರಿಗೂ ಕೇಳಿಸಿತು. ಮತ್ತೊಮ್ಮೆ ತೆರೆದರು. ಮತ್ತೆ ಟಕ್.

"ಛಲೋ ಬೀಳತೈತಲ್ಲೋ. ಇದಕ್ಕೇನ ಆಗೇತಿ?"

ಅವನು ಚಾಕುವನ್ನು ಬಲಗೈಯಲ್ಲಿ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದ. "ಇದು ತೊಳದದ್ದು ಐತ್ರಿ. ಪೂಜಿ ಕುಂಕುಮ ಎಲ್ಲಿ ಹೋತು?"

"ರಕ್ತಾ ಹತ್ತಿತ್ತು, ತೊಳದಾರಪಾ. ಮತ್ತೇನ ಹಂಗ ಇಡಬೇಕಾಗಿತ್ತು?" ಎಂದರು ಒಬ್ಬ ಹಿರಿಯ ಸದಸ್ಯರು.

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

"ಎಡಗೈಲೆ ಹಿಡದಿದ್ದಿ, ಹೌದಲ್ಲೋ?" ಚೇರಮನ್ನರು ಕೇಳಿದರು.

"ಹೌದ್ರಿ. ಹುಟ್ಟಿದಾಗಿಂದ ಅದರಲೇನ ಹಿಡೀತೇನ್ರಿ."

"ಮತ್ತ ನಾವೇನ ಮಾಡೂಣು?"

ಎರಡು ಬೆರಳು ಮಡಚದ ಫಿಟ್ಟರ್ ಸಂಘಕ್ಕೆ ಬೇಕಾಗಿರಲಿಲ್ಲ. ತಪ್ಪು ಅವನದೇ ಎಂದಾದ ಮೇಲೆ ಸಂಘಕ್ಕೆ ಅವನ ಹೊಣೆಯೂ ಇರಲಿಲ್ಲ. ಕಾಯಂ ಇರದವನನ್ನು ತೆಗೆಯುವುದು ಒಂದು ಸಾಲಿನ ಠರಾವು. ಎರಡನೇ ಪಂಪ್‌ಹೌಸ್ ನನಗೆ ಸಿಕ್ಕಿತು. ಹತ್ತು ವರ್ಷ ಅದನ್ನು ನಡೆಸಿದೆ. ಚೆನ್ನಾಗಿ ನಡೆಸಿದೆ ಎಂದೂ ಹೇಳಬೇಕು, ಏಕೆಂದರೆ ಅದೂ ನನ್ನ ಅಪರಾಧದ ಒಂದು ಭಾಗ. ಒಂದು ಹೊತ್ತಿನ ಊಟವೂ ನನಗೆ ಸೇರದೆ ಹೋಗಲಿಲ್ಲ.

ನಿವೃತ್ತಿಯ ದಿನ ನನಗೆ ಹಾರ ಹಾಕಿದರು. ಹೊಸ ಚೇರಮನ್ನರು "ಇವರ ಕೈಯಾಗ ಒಂದ ದಿನಾನೂ ಒಂದ ತಪ್ಪು ಆಗಿಲ್ಲ" ಎಂದು ಭಾಷಣ ಮಾಡಿದರು. ಹಳೆಯ ವಾಲ್ವ್‌ಮನ್ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ತಟ್ಟಲಿಲ್ಲ. ಬಹುಶಃ ಅವನಿಗೆ ಏನೂ ಗೊತ್ತಿರಲಿಲ್ಲ, ನಿದ್ದೆ ಬಂದಿತ್ತೋ ಏನೋ. ಆದರೆ ನನಗೆ ಅಲ್ಲಿ ಕೂರಲಾಗಲಿಲ್ಲ. ಎರಡು ದಿನ ಬಿಟ್ಟು ಚಿಕ್ಕೋಡಿಯ ಬಸ್ಸು ಹತ್ತಿದೆ.

ನಮ್ಮ ಆ ಎರಡನೇ ಫಿಟ್ಟರ್ ಅಲ್ಲಿ ಕೋರ್ಟಿನ ಕಡೆ ಹೋಗುವ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಮುಂದೆ ಅಂಗಡಿ, ಹಿಂದೆ ಮನೆ. ವಾರ್ನಿಶ್ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಅವನು ಬಲಗೈಯಿಂದ ಯಂತ್ರ ತಿರುಗಿಸುತ್ತ ತಾಮ್ರದ ತಂತಿಯ ಸುತ್ತು ಎಣಿಸುತ್ತಿದ್ದ. ಅವನ ಹೆಂಡತಿ ನೆಲದ ಮೇಲೆ ಕುಳಿತು ಸುರುಳಿಗಳನ್ನು ಮೋಟರಿನ ಸಂದುಗಳಿಗೆ ಕೂರಿಸುತ್ತಿದ್ದಳು. ಅದು ಬೆರಳುಗಳ ಕೆಲಸ.

"ಬರ್ರಿ ಮಿಸ್ತ್ರಿ. ಮೋಟರ್ ಸುಟ್ಟೈತೇನು?"

"ಇಲ್ಲಪಾ. ಒಂದು ಮಾತು ಹೇಳೂದಿತ್ತು."

ನಿಂತೇ ಹೇಳಿದೆ. ಸೀಮೆಎಣ್ಣೆ, ಕಡ್ಡಿ, ಬನ್ನಿ, ಕೀಲಿ, ತೊಳೆದದ್ದು, ಬರೆದದ್ದು. ಹೆಂಡತಿಯ ಕೈ ನಿಂತಿತು. ಅವನ ಕೈ ನಿಲ್ಲಲಿಲ್ಲ. ಎಣಿಕೆ ಮುಗಿಯುವವರೆಗೆ ಸುತ್ತಿ, ತಂತಿ ಕತ್ತರಿಸಿ, ಆಮೇಲೆ ತಲೆ ಎತ್ತಿದ.

"ಮುಗೀತಾ?"

"ಮುಗೀತು."

"ನೀ ತೊಳದದ್ದು ನನಗ ಅವತ್ತ ಗೊತ್ತಾಗಿತ್ತು. ಯಾಕ ತೊಳದಿ ಅನ್ನೂದು ಗೊತ್ತಾಗಲಿಲ್ಲ. ರಕ್ತಾ ಅಂದ್ರು. ಇರಬಹುದು ಅಂತ ನಾನೂ ನಂಬಿದ್ನಿ. ಹತ್ತು ವರ್ಷ ನನ್ನ ಕೈಗೇನ ಬೈಕೊಂತ ಕುಂತೇನಿ." ಮೊದಲ ಸಲ ಅವನು ನನಗೆ ನೀ ಎಂದ. "ನನಗ ಹೇಳಿ ಏನ ಆಗಬೇಕಾಗೇತಿ? ಒಳಗ ಒಬ್ಬಾಕಿ ಅದಾಳ. ಅಕಿ ಮುಂದ ಹೇಳು."

ಮಗಳನ್ನು ಕರೆದ. ಹದಿನೈದು ವರ್ಷದ ಹುಡುಗಿ ಚಹಾದ ಬಟ್ಟಲು ತಂದು ನನ್ನ ಮುಂದಿಟ್ಟಳು. ಅವನು ಹೇಳಿದ: "ಇಕೀನೂ ನನ್ನಂಗ ರೊಡ್ಡಿ. ನನ್ನ ಬಟ್ಟು ಹೋದಾಗ ಐದು ವರ್ಷದಾಕಿ. ಸಂಘದ ಕಾಗದದಾಗ ಎಡಗೈ ಅಂತ ಬಂದೈತಿ ಅಂತ ಓಣಿ ಮಂದೆಲ್ಲಾ ಅಂದ್ರು. ನಮ್ಮವ್ವ ಹಟಾ ಹಿಡದ್ಲು. ಅರಿವಿ ತುಂಡಿಲೆ ಇಕಿ ಎಡಗೈ ಬೆನ್ನಿಗೆ ಕಟ್ಟಿದ್ನಿ. ಒಂದ ವರ್ಷ. ಕಟ್ಟಿದಾಂವ ನಾನ."

ನಾನು ಮೊದಲಿನಿಂದ ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಹುಡುಗಿ ಗೋಡೆಗೆ ಒರಗಿ ಪೂರ್ತಿ ಕೇಳಿದಳು.

"ಅಂದ್ರ ಅಪ್ಪನ ಕೈದು ತಪ್ಪ ಇರಲಿಲ್ಲೇನ್ರಿ?"

"ಇರಲಿಲ್ಲ ಯವ್ವಾ."

"ಎಡಗೈ ಅಂತ ನೀವ ಬರದ್ರಿ?"

"ನಾನ ಬರದ್ನಿ."

"ಯಾವ ಕೈಲೆ ಬರದ್ರಿ?"

ನಾನು ಅವಳ ಅಪ್ಪನ ಕಡೆ ನೋಡಿದೆ. ಅವನು ಇನ್ನೊಂದು ಸುರುಳಿ ಹಚ್ಚುತ್ತಿದ್ದ.

"ಬಲಗೈಲೆ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ನಾನು ಮುಟ್ಟದೆ ಇಟ್ಟಿದ್ದ ಚಹಾದ ಬಟ್ಟಲನ್ನು ಎತ್ತಿಕೊಂಡು, ಹೊಸ್ತಿಲು ದಾಟಿ ಹೋಗಿ ಗಟಾರಿಗೆ ಚೆಲ್ಲಿ ಒಳಗೆ ಹೋದಳು. ಕುಳಿತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ಅವನು ಸುತ್ತು ಎಣಿಸುತ್ತಿದ್ದ. ನಾನೇ ಹೊರಬಿದ್ದೆ.